ಮಗಳ ತಲೆಯ ಮೇಲಿನ ಆಣೆ

ವಂದನಾ ಮೇಡಂ ಗ್ರೀಕರ ದುರಂತ ನಾಟಕಗಳ ಪಾಠ ಶುರು ಮಾಡಿದರೆಂದರೆ ವಿಜಯಪುರದ ಆ ಕಾಲೇಜಿನಲ್ಲಿ ಪಕ್ಕದ ಕ್ಲಾಸಿನ ಹುಡುಗರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಗಂಡ ಬೇರೊಬ್ಬಳನ್ನು ಕಟ್ಟಿಕೊಂಡನೆಂದು ಹೊಟ್ಟೆಯ ಮಕ್ಕಳನ್ನೇ ಕೊಂದ ತಾಯಿ, ಗಂಡನ ಮೇಲಿನ ಸೇಡಿಗೆ ಮಗನನ್ನೇ ಕೊಯ್ದು ಅಡುಗೆ ಮಾಡಿ ಬಡಿಸಿದ ರಾಣಿ, ಹೆಂಡತಿಯ ಮಾತು ನಂಬಿ ಮಗನಿಗೆ ಸಾಯುವ ಶಾಪ ಕೊಟ್ಟ ಅಪ್ಪ. ಒಂದಕ್ಕಿಂತ ಒಂದು ಭಯಂಕರ. ಮೇಡಂ ಅವನ್ನೆಲ್ಲ ಪಕ್ಕದ ಓಣಿಯಲ್ಲಿ ನಿನ್ನೆ ನಡೆದ ಸಂಗತಿಯ ಹಾಗೆ ಹೇಳುತ್ತಿದ್ದರು.

“ಆ ತಾಯಿಗೆ ಮಕ್ಕಳ ಮ್ಯಾಲ ಸಿಟ್ಟಿತ್ತೇನು? ಇರಲಿಲ್ಲ. ಗಂಡಗ ಎಲ್ಲಿ ಹೊಡದ್ರ ಹೆಚ್ಚು ನೋಯತೈತಿ ಅಂತ ಹುಡುಕಿದಳು. ಅಲ್ಲಿ ಮಕ್ಕಳು ನಿಂತಿದ್ದವು. ಅಷ್ಟ.”

ಮುಂದಿನ ಬೆಂಚಿನ ಸಬೀರಾ ಕೈ ಎತ್ತಿದಳು. “ಮೇಡಂರಿ, ಇಷ್ಟೆಲ್ಲಾ ಆಗೂಮುಂದ ಆ ಮಕ್ಕಳು ಏನ್ ಮಾತಾಡ್ತಾವ್ರಿ?”

“ಏನೂ ಇಲ್ಲವಾ. ಬಾಗ್ಲಾ ಹಾಕಿದ ಮ್ಯಾಲ ಒಳಗಿಂದ ಚೀರತಾವ. ಮುಗೀತು ಅವುಗಳ ಪಾಲಿನ ಮಾತು.”

ವಂದನಾ ಮೇಡಂ ಕನ್ನಡಕ ಸರಿಮಾಡಿಕೊಂಡರು. ಪಾಠ ಚೆನ್ನಾಗಿ ಆಯಿತೆಂಬ ತೃಪ್ತಿ ಅವರ ಮುಖದಲ್ಲಿತ್ತು.

ಕಾಲೇಜಿನ ಮಾತು ಇಲ್ಲಿಗೆ ಸಾಕು. ಮನೆಯ ಸಂಗತಿಗೆ ಬಂದಮೇಲೆ ನಾನು ಅವಳನ್ನು ಬರೀ ವಂದನಾ ಎನ್ನುತ್ತೇನೆ. ಬಹುವಚನ ಕೊಡುವಂಥ ಕೆಲಸ ಅವಳು ಅಲ್ಲಿ ಮಾಡಲಿಲ್ಲ. ಇಷ್ಟೆಲ್ಲ ತಿಳಿದವಳಿಗೆ ತನ್ನದು ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ದೀಪದ ಕೆಳಗೆ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಅವಳ ಗಂಡ ಹೇಮಂತ ತಿಕೋಟಾದವನು, ಒಣದ್ರಾಕ್ಷಿ ವ್ಯಾಪಾರಿ. ವ್ಯಾಪಾರಕ್ಕೆಂದು ಸಾಂಗ್ಲಿಗೆ ಹೋಗಿ ಬರುತ್ತಿದ್ದವನು ಅಲ್ಲೊಬ್ಬಳ ಸಂಗ ಮಾಡಿದ. ಮುಚ್ಚಿಟ್ಟಷ್ಟು ದಿನ ಮುಚ್ಚಿಟ್ಟು, ಗೊತ್ತಾದ ಮೇಲೆ “ಹೌದು, ಏನೀಗ?” ಅಂದ. ವಂದನಾ ಮಗಳನ್ನು ಕರೆದುಕೊಂಡು ವಿಜಯಪುರಕ್ಕೆ ಬಂದಳು. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಹಿಡಿದಳು. ತಾಯಿ ನೀಲಾಬಾಯಿಯನ್ನು ಜೊತೆಗೆ ಕರೆಸಿಕೊಂಡಳು. ಇಲ್ಲಿಯವರೆಗೆ ಅವಳ ಕಡೆ ಬೆರಳು ಮಾಡುವ ಹಾಗಿಲ್ಲ.

ಮಗಳು ಮೃಣಾಲ ನಾಲ್ಕನೆಯ ಇಯತ್ತೆ. ಐತವಾರಕ್ಕೊಮ್ಮೆ ಅಪ್ಪ ಬಂದು ತಿಕೋಟಾಕ್ಕೆ ಕರೆದುಕೊಂಡು ಹೋಗುತ್ತಿದ್ದ. ಕಾರಿನಲ್ಲಿ ಕೂತ ಕೂಡಲೇ ಕೇಳುತ್ತಿದ್ದ: “ನಿಮ್ಮ ಮಮ್ಮಿ ಕಡೆ ಯಾರ್ಯಾರು ಬರ್ತಾರ?” ಸಂಜೆ ತಿರುಗಿ ಬಂದರೆ ಚಪ್ಪಲಿ ಬಿಡುವುದರೊಳಗೆ ತಾಯಿ ಕೇಳುತ್ತಿದ್ದಳು: “ಸಾಂಗ್ಲಿಯಾಕಿ ಬಂದಿದ್ಲೇನು? ಏನ್ ಉಟ್ಕೊಂಡಿದ್ಲು?” ಹುಡುಗಿ ಇಬ್ಬರಿಗೂ “ಗೊತ್ತಿಲ್ಲ” ಎನ್ನುವುದನ್ನು ಕಲಿತಿದ್ದಳು. ಸಾಲೆಯಲ್ಲಿ ಚುರುಕಿದ್ದ ಹುಡುಗಿ ಮನೆಯಲ್ಲಿ ಇಷ್ಟು ದಡ್ಡಿ ಯಾಕಾದಳೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಒಂದು ಐತವಾರ ಮೃಣಾಲ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಆಡುತ್ತ ಬಲೆಯ ಅಟ್ಟಣಿಗೆ ಹತ್ತಿದಳು. ಕಾಲು ಜಾರಿ ಬಿದ್ದಳು. ತೋಳು ನೀಲಿಗಟ್ಟಿತು. ಹೇಮಂತ ಅರಿಷಿಣ ಹಚ್ಚಿ ತಂದು ಬಿಟ್ಟ. “ನಾ ಬಿದ್ದೆ ಮಮ್ಮಿ,” ಎಂದು ಹುಡುಗಿ ತಾನೇ ಹೇಳಿದಳು. ವಂದನಾ ಕೇಳಿಸಿಕೊಂಡಳು. ಆಮೇಲೆ ಮಗಳನ್ನು ಬೆಳಕಿಗೆ ನಿಲ್ಲಿಸಿ ತೋಳಿನ ಫೋಟೊ ತೆಗೆದಿಟ್ಟುಕೊಂಡಳು.

ಬ್ಯಾಸಗಿ ಸೂಟಿ ಬಂತು. ಸೂಟಿ ಪೂರ್ತಿ ಮಗಳು ನನ್ನ ಹತ್ತಿರ ಇರಲಿ ಎಂದು ಹೇಮಂತ ಪಟ್ಟು ಹಿಡಿದ. ಸುದ್ದಿ ಬಬಲೇಶ್ವರಕ್ಕೆ ಹೋಯಿತು. ಅಲ್ಲಿ ನೀಲಾಬಾಯಿಯ ತಮ್ಮ, ವಂದನಾಳ ಸೋದರಮಾವ ಸಂಗನಬಸವ ಇದ್ದಾನೆ. ಗೊಬ್ಬರದ ಅಂಗಡಿ ಅವನ ಹೊಟ್ಟೆಪಾಡು, ಹಿರೇತನ ಅವನ ಚಟ. ಬೀಗರು ಬಿಜ್ಜರ ಜಗಳವೆಲ್ಲ ಅವನ ಪಡಸಾಲೆಗೇ ಬರಬೇಕು. ತನ್ನ ಕೈಗೆ ಬಂದ ಜಗಳ ಕೋರ್ಟಿನ ಮೆಟ್ಟಿಲು ಹತ್ತಿಲ್ಲ ಎಂದು ಮೀಸೆ ತಿರುವುತ್ತಾನೆ. ಅವನ ವಿದ್ಯೆ ಒಂದೇ. ಮಾತು ಎರಡಾದಾಗ ಕೂಸನ್ನು ಕರೆಸುತ್ತಾನೆ. “ಕೂಸಿನ ತಲಿ ಮ್ಯಾಲ ಕೈ ಇಟ್ಟು ಹೇಳ್ರಿ,” ಎನ್ನುತ್ತಾನೆ. ಎಂಥ ಸುಳ್ಳುಗಾರನೂ ಅಲ್ಲಿ ತೊದಲುತ್ತಾನೆ.

ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂತರು. ಚಹಾ ಬಂತು. “ಗಂಡ ಹೆಂಡಿರ ಜಗಳದಾಗ ಕೂಸು ಬಡವಾತಂತ,” ಎಂದು ಯಾರೋ ಅಂದರು. ಎಲ್ಲರೂ ತಲೆದೂಗಿ ಬಸಿಯಲ್ಲಿ ಚಹಾ ಸುರಿದುಕೊಂಡರು.

“ಅಪ್ಪನ ಮನಿಗೆ ಹ್ವಾದ್ರ ಏನಾಗತೈತಿ ತಂಗಿ? ಯಾಕ ಒಲ್ಲೆಂತಿ?” ಸಂಗನಬಸವ ವಂದನಾಳನ್ನು ಕೇಳಿದ.

ವಂದನಾಳ ಮುಂದೆ ಹೇಮಂತ ಕೂತಿದ್ದ. ಕಾಲಮೇಲೆ ಕಾಲು, ಮೊಬೈಲಿನಲ್ಲಿ ಕಣ್ಣು. ಆ ಮೊಬೈಲಿನಲ್ಲಿ ಯಾರಿದ್ದಾಳೆಂದು ಅವಳಿಗೆ ಗೊತ್ತಿತ್ತು.

“ಕೂಸಿನ್ನ ಹೊಡೀತಾರ ಮಾಮಾ,” ಅಂದಳು. ಫೋಟೊ ತೋರಿಸಿದಳು.

“ಏ, ಸುಳ್ಳ!” ಹೇಮಂತ ಎದ್ದು ನಿಂತ. “ಬಿದ್ದಿದ್ಲು ಆಕಿ!”

“ಕುಂದರು ಹೇಮಂತ. ತಂಗಿ, ಕೂಸಿನ ತಲಿ ಮ್ಯಾಲ ಕೈ ಇಟ್ಟು ಹೇಳಬೇ.”

ಇಲ್ಲಿ ಅವಳು ನಿಲ್ಲಬಹುದಾಗಿತ್ತು. ನಿಲ್ಲಲಿಲ್ಲ. ಒಳಗೆ ಆಡುತ್ತಿದ್ದ ಮೃಣಾಲಳನ್ನು ಕರೆತಂದರು. ವಂದನಾ ಮಗಳ ಬೈತಲೆಯ ಮೇಲೆ ಅಂಗೈ ಇಟ್ಟು, ಪಾಠ ಹೇಳುವ ಅದೇ ಸ್ಪಷ್ಟ ದನಿಯಲ್ಲಿ, “ಇವರು ಹೊಡದಾರ. ನನ್ನ ಮಗಳ ಆಣಿ,” ಅಂದಳು. ಹುಡುಗಿ ಕತ್ತೆತ್ತಿ ತಾಯಿಯ ಮುಖ ನೋಡಿದಳು. ಮೇಲೆ ಕೈ ಇದ್ದುದರಿಂದ ಪೂರ್ತಿ ಕಾಣಲಿಲ್ಲ.

ಆಣೆಯಾದ ಮೇಲೆ ಯಾರ ಮಾತೂ ನಡೆಯುವುದಿಲ್ಲ. ಸೂಟಿಯೂ ಹೋಯಿತು, ಐತವಾರವೂ ಹೋಯಿತು. ಕಾರು ಹತ್ತುವಾಗ ಹೇಮಂತನ ಮುಖ ಹೆಣದ ಹಾಗಿತ್ತು. ಅದನ್ನು ನೋಡಿ ವಂದನಾಳಿಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಊಟ ಸೇರಿತು.

ಅವಳು ಮರೆತದ್ದು ಒಂದೇ. ಆಣೆಯ ವಿಷಯದಲ್ಲಿ ಅವಳ ಮಗಳು ಅವಳಿಗಿಂತ ಹೆಚ್ಚು ಓದಿಕೊಂಡಿದ್ದಳು. ಅಜ್ಜಿ ನೀಲಾಬಾಯಿ ತಲೆ ಬಾಚುತ್ತ ಕಥೆ ಹೇಳಿದ್ದಳು. ಘೋಣಸಗಿಯಲ್ಲಿ ಒಬ್ಬ ಬದುವಿನ ಜಗಳದಲ್ಲಿ ಮಗನ ತಲೆ ಮುಟ್ಟಿ ಸುಳ್ಳು ಹೇಳಿದನಂತೆ. ಹೊಳ್ಳಿ ಮನೆಗೆ ಬರುವುದರೊಳಗೆ ಆ ಹುಡುಗ ತಲೆಶೂಲೆ ಎಂದು ಮಲಗಿದನಂತೆ, ಏಳಲೇ ಇಲ್ಲವಂತೆ. ಮೊಮ್ಮಗಳು ಸುಳ್ಳು ಹೇಳಬಾರದೆಂದು ಅಜ್ಜಿ ಹೇಳಿದ ಕಥೆ ಅದು. ದೊಡ್ಡವರು ಹೇಳುವ ಸುಳ್ಳಿಗೂ ಅದು ಹೊಂದುತ್ತದೆಂದು ಅಜ್ಜಿಗೂ ಹೊಳೆದಿರಲಿಲ್ಲ.

ಮೃಣಾಲ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಬಿಟ್ಟಳು. ಸ್ಕೂಟಿಯ ಮೇಲೆ ಹಿಂದೆ ಕೂತು, “ಮಮ್ಮಿ, ಸಾವಕಾಶ ಹೊಡಿ,” ಎನ್ನತೊಡಗಿದಳು. ಫ್ಯಾನಿನ ಕೆಳಗೆ ಮಲಗಲು ಒಪ್ಪುತ್ತಿರಲಿಲ್ಲ. ಅಪ್ಪನ ನೆನಪಿಗೆ ಹೀಗೆ ಮಾಡುತ್ತಾಳೆಂದು ವಂದನಾ ತಿಳಿದಳು. ಎರಡು ದಿನದಲ್ಲಿ ಮರೆಯುತ್ತಾಳೆ ಎಂದೂ ತಿಳಿದಳು.

ಅಷ್ಟರಲ್ಲಿ ಯುವಜನೋತ್ಸವದ ತಾಲೀಮು ಶುರುವಾಗಿತ್ತು. ಆ ಹಳೆಯ ಗ್ರೀಕ್ ಕಥೆಗಳನ್ನೇ ಹಿಡಿದು ವಂದನಾ ಒಂದು ನಾಟಕ ಬರೆದಿದ್ದಳು. ಮಕ್ಕಳನ್ನು ಕೊಲ್ಲುವ ರಾಣಿಯ ಪಾತ್ರ ಸಬೀರಾಳದು. ಕೊಲೆಯಾಗುವ ಇಬ್ಬರು ಮಕ್ಕಳಲ್ಲಿ ಒಬ್ಬಳು ಮೃಣಾಲ. ಮಾತಿಲ್ಲದ ಪಾತ್ರ, ಕಷ್ಟವೇನು ಎಂದು ತಾಯಿಯೇ ಹಾಕಿದ್ದಳು. ರಾಣಿ ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಬೇಕು, ಬಾಗಿಲು ಮುಚ್ಚಬೇಕು, ಒಳಗಿಂದ ಚೀತ್ಕಾರ ಬರಬೇಕು.

ಬಾಗಿಲು ಮುಚ್ಚಿತು. ಚೀತ್ಕಾರ ಬಂತು. ಅಂಥ ಚೀತ್ಕಾರವನ್ನು ಆ ಸಭಾಗೃಹದಲ್ಲಿ ಯಾರೂ ಕೇಳಿರಲಿಲ್ಲ. ವಂದನಾ ಚಪ್ಪಾಳೆ ಹೊಡೆದಳು, ಅವಳನ್ನು ನೋಡಿ ಹುಡುಗರೆಲ್ಲ ಎದ್ದು ಹೊಡೆದರು. ವಂದನಾಳ ಮೈ ಜುಮ್ಮೆಂದಿತು. “ನೋಡ್ರಿ, ಹಿಂಗ ಬರಬೇಕು!” ಎಂದು ಎಲ್ಲರಿಗೂ ಹೇಳಿದಳು. ತನ್ನ ರಕ್ತದಲ್ಲೇ ಕಲೆಯಿದೆ ಎಂದು ಹೆಮ್ಮೆಪಟ್ಟಳು.

ಚೀತ್ಕಾರ ನಿಲ್ಲಲಿಲ್ಲ. ಸಬೀರಾ ಬಾಗಿಲು ತೆರೆದು ಹೊರಗೆ ಬಂದಳು, ಮುಖ ಬಿಳಿಚಿಕೊಂಡಿತ್ತು.

“ಮೇಡಂರಿ, ಜಲ್ದಿ ಬರ್ರಿ. ಆಕಿ ನಾಟಕ ಮಾಡಾಕತ್ತಿಲ್ರಿ.”

ಮೃಣಾಲ ಮೂಲೆಯಲ್ಲಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕೂತಿದ್ದಳು. ಚಡ್ಡಿ ಒದ್ದೆಯಾಗಿತ್ತು. ಸಬೀರಾ ತನ್ನ ಓಢಣಿ ತೆಗೆದು ಹುಡುಗಿಯ ಸೊಂಟಕ್ಕೆ ಸುತ್ತಿದಳು. ಹೊರಗೆ ಚಪ್ಪಾಳೆ ಇನ್ನೂ ಬೀಳುತ್ತಿತ್ತು. ಆ ಚಪ್ಪಾಳೆಯನ್ನು ಮೊದಲು ಶುರು ಮಾಡಿದವಳು ತಾನೇ ಎಂಬುದು ವಂದನಾಳ ನೆನಪಿಗೆ ಬಂತು. ತಲೆ ಎತ್ತಿ ಸಬೀರಾಳ ಮುಖ ನೋಡಲು ಆಗಲಿಲ್ಲ.

ಮನೆಯಲ್ಲಿ ನೀಲಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಬಟ್ಟೆ ಬದಲಿಸಿದ ಮೇಲೆ ಹುಡುಗಿ ಅಡುಗೆಮನೆಗೆ ಬಂದು, ಸಣ್ಣ ದನಿಯಲ್ಲಿ, “ಮಮ್ಮಿ, ಆಣಿ ಬಿಟ್ಟೇನಿ ಅನ್ನು,” ಅಂದಳು.

“ಯಾವ ಆಣಿ?”

“ಪಪ್ಪಾ ಹೊಡದಾರಂತ ಮಾಡಿದ್ದಿಯಲ್ಲ, ಅದು. ನಾ ಸತ್ತು ಹೊಕ್ಕೀನಿ.”

ರೊಟ್ಟಿಯ ಮೇಲಿನ ಅಜ್ಜಿಯ ಕೈ ನಿಂತಿತು. “ಅಂದ್ರ? ಅಂವ ಹೊಡದಿಲ್ಲೇನು?” ಎಂದು ಮಗಳ ಕಡೆ ತಿರುಗಿದಳು. “ವಂದನಾ, ನಿನ್ನ ಕೇಳಾಕತ್ತೇನಿ. ಕೂಸಿನ ತಲಿ ಮುಟ್ಟಿ ಸುಳ್ಳ ಹೇಳಿದ್ಯಾ?”

ಉತ್ತರದ ಬದಲು ವಂದನಾ ಕೊಟ್ಟದ್ದು ಪಾಠ. “ಅವ್ವಾ, ಇದೆಲ್ಲಾ ಮೂಢನಂಬಿಕಿ. ಆಣಿ ಮಾಡಿದ್ರ ಯಾರೂ ಸಾಯೂದಿಲ್ಲ ಪುಟ್ಟಾ. ಏನೂ ಆಗೂದಿಲ್ಲ.”

“ಏನೂ ಆಗೂದಿಲ್ಲಂದ್ರ ಮತ್ತ ಎಲ್ಲಾರೂ ಯಾಕ ನಂಬಿದ್ರು?” ಹುಡುಗಿ ಕೇಳಿದಳು.

“ಆತು ಬಿಡು, ಆಣಿ ಬಿಟ್ಟೇನಿ,” ಎಂದು ವಂದನಾ ನಗಲು ನೋಡಿದಳು.

“ಇಲ್ಲೆ ಬಿಟ್ರ ನಡಿಯೂದಿಲ್ಲ. ಎಲ್ಲಿ ಮಾಡೀದಿ ಅಲ್ಲೇ ಬಿಡಬೇಕು. ಯಾರ ಮುಂದ ಮಾಡೀದಿ ಅವ್ರ ಮುಂದನ. ಹೌದಿಲ್ಲ ಆಯಿ?”

ನೀಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೌದೆಂದು ತಲೆ ಹಾಕಿದಳು. ತವೆಯ ಮೇಲಿನ ರೊಟ್ಟಿ ಕರಕಾಯಿತು.

ಮಾಮನ ಪಡಸಾಲೆಯಲ್ಲಿ, ಅಷ್ಟು ಜನರ ಮುಂದೆ, ಹೇಮಂತನ ಮುಂದೆ, ನಾನು ಸುಳ್ಳಿ ಎಂದು ಹೇಳುವುದು! ಪ್ರಾಣ ಹೋದರೂ ಆಗದು ಎಂದು ವಂದನಾ ನಿರ್ಧರಿಸಿದಳು. ಯಾರ ಪ್ರಾಣ ಎಂದು ಆಗ ಯೋಚಿಸಲಿಲ್ಲ. ಆ ವಾರ ಮೃಣಾಲಳಿಗೆ ಜ್ವರ ಬಂತು. ಊರಿಗೆಲ್ಲ ಬಂದಿದ್ದ ಸಾದಾ ಜ್ವರ. ಡಾಕ್ಟರು ಔಷಧ ಕೊಟ್ಟರು. ಹುಡುಗಿ ತುಟಿ ಬಿಗಿಹಿಡಿದು ಗೋಡೆಯ ಕಡೆ ತಿರುಗಿ ಮಲಗಿದಳು.

“ತಲಿ ನೋಯಾಕತ್ತೈತಿ ಆಯಿ,” ಎಂದಳು. “ನನ್ನ ಸೈಕಲ್ ಯಾರಿಗೂ ಕೊಡಬ್ಯಾಡ್ರಿ. ಪಪ್ಪಾಗ ಕೊಡ್ರಿ.”

ಅದನ್ನು ಬಾಗಿಲಲ್ಲಿ ನಿಂತು ಕೇಳಿದ ವಂದನಾ ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆಮೇಲೆ ಮಾಮನಿಗೆ ಫೋನು ಮಾಡಿದಳು.

ಮತ್ತೆ ಅದೇ ಪಡಸಾಲೆ, ಅದೇ ಹಿರಿಯರು, ಅದೇ ಚಹಾ. ಜ್ವರ ಬಿಟ್ಟು ಸೊರಗಿದ್ದ ಮೃಣಾಲ ಕಂಬದ ಪಕ್ಕದಲ್ಲಿ ನಿಂತಿದ್ದಳು. ವಂದನಾ ಎದ್ದು ನಿಂತಳು.

“ಮಾಮಾ, ಅವತ್ತು ನಾ ಮಾಡಿದ ಆಣಿ ಬಿಟ್ಟೇನಿ. ಅದು ಸುಳ್ಳ ಆಣಿ. ಇವರು ಕೂಸಿನ್ನ ಹೊಡದಿಲ್ಲ. ಬಿದ್ದು ತ್ವಾಳಿಗೆ ಪೆಟ್ಟಾಗಿತ್ತು. ನನಗ ಗೊತ್ತಿತ್ತು. ಸಿಟ್ಟಿಗೆ ಹೇಳಿದೆ.”

ಯಾರೂ ಬಸಿ ಎತ್ತಲಿಲ್ಲ. ಹಿರಿಯರ ಕಣ್ಣೆಲ್ಲ ಅವಳ ಮೇಲಿತ್ತು. ಮೈಮೇಲಿನ ಸೀರೆ ಯಾರೋ ಸೆಳೆದಂತೆ ಅವಳು ಸೆರಗನ್ನು ಎಳೆದೆಳೆದು ಹೊದ್ದಳು. ಕಂಬದ ಕಡೆ ನೋಡಿದರೆ ಮಗಳ ಮುಖದಲ್ಲಿ ಎಷ್ಟೋ ದಿನದ ಮೇಲೆ ರಕ್ತ ಬಂದಿತ್ತು. ಇಷ್ಟೇ ಆಗಿದ್ದರೆ ಆ ಮಾನ ಹೋದದ್ದು ಸಾರ್ಥಕವಾಗುತ್ತಿತ್ತು.

“ಈಗ ತಿಳೀತಿಲ್ರಿ ಎಲ್ಲಾರಿಗೂ?” ಹೇಮಂತ ಗೆದ್ದ ಪೈಲ್ವಾನನ ಹಾಗೆ ಎದ್ದು ತೋಳೇರಿಸಿದ. ಮಗಳು ನೆನಪಾದದ್ದು ಆಮೇಲೆ. “ಈಕೀದ ಒಂದ ಮಾತು ಖರೆ ಇಲ್ಲ. ನಾ ಹುಟ್ಟಿದಾಗಿಂದ ಒಂದ ಸುಳ್ಳ ಹೇಳಿಲ್ಲ. ಬೇಕಾದ್ರ ನನ್ನ ಮಗಳ ಆಣಿ…” ಎನ್ನುತ್ತ ಕಂಬದ ಕಡೆ ನಡೆದು, ಹುಡುಗಿಯ ತಲೆಯ ಮೇಲೆ ಇಡಲು ಕೈ ಎತ್ತಿದ.

ಸಾಂಗ್ಲಿಯ ಸಂಸಾರವನ್ನು ವರ್ಷಗಟ್ಟಲೆ ಮುಚ್ಚಿಟ್ಟವನ ಆಣೆ ಅದು. ಮೃಣಾಲ “ಬ್ಯಾಡ ಪಪ್ಪಾ!” ಎಂದು ಚೀರಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಿದಳು.

ಅಪ್ಪ ಕೈ ಎತ್ತಿದ, ಮಗಳು ತಲೆ ಮುಚ್ಚಿಕೊಂಡು ಕೂತಳು. ಹಿರಿಯರು ಕಂಡದ್ದು ಇಷ್ಟೇ, ಅವರಿಗೆ ಇಷ್ಟು ಸಾಕಾಯಿತು.

“ಯಪ್ಪಾ, ನೋಡಿದ್ರಿಲ್ಲೋ!” ಸಂಗನಬಸವ ತೊಡೆ ತಟ್ಟಿದ. “ಕೂಸು ತಾನ ಹೇಳ್ತು ನೋಡ್ರಿ. ಹೊಡದ ಕೈಗೆ ಹಿಂಗ ಹೆದರತೈತಿ. ಗಂಡನ ಮಾನ ಉಳಸಾಕ ನಮ್ಮ ವಂದನಾ ತಾನ ಸುಳ್ಳಿ ಆಗಾಕ ಬಂದಾಳ.”

ವಂದನಾ ಸುಮ್ಮನಿದ್ದರೆ ಸಾಕಿತ್ತು. ನಿಜವೂ ಹೇಳಿದಂತಾಗಿತ್ತು, ಗೆಲುವೂ ತನ್ನ ಕಡೆಗೇ ಬಂದಿತ್ತು. ಹೇಮಂತನ ಮುಖ ಮತ್ತೆ ಹೆಣದ ಹಾಗಾದದ್ದನ್ನು ಅವಳು ನೋಡಿದಳು. ನೋಡಿ ಅವಳಿಗೆ ಒಂದು ಗಳಿಗೆ ಸಂತೋಷವಾಯಿತು. ಕುಕ್ಕರಿಸಿ ನಡುಗುತ್ತಿದ್ದ ಮಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಸಂತೋಷವಾಯಿತು! ಅದು ತಿಳಿದ ಮರುಗಳಿಗೆ, ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಎಲ್ಲರ ಮುಂದೆ ಸುಳ್ಳಿ ಎನ್ನಿಸಿಕೊಂಡಾಗಲೂ ಅವಳಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

“ಅಲ್ಲ ಮಾಮಾ,” ಎಂದಳು. “ಆಕಿ ಹೊಡತಕ್ಕ ಹೆದರಿಲ್ಲ. ಆಣಿಗೆ ಹೆದರ್ಯಾಳ. ನಾವಿಬ್ರೂ ಆಕಿ ತಲಿ ಮ್ಯಾಲ ಕೈ ಇಡಾಕ ಬಂದ್ರ ಹೆದರ್ತಾಳ.”

“ಪಪ್ಪಾ ಹೊಡದಿಲ್ರಿ,” ಕಂಬದ ಬುಡದಿಂದ ಹುಡುಗಿಯೂ ಅಂದಳು. “ನಾ ಬಿದ್ದಿದ್ದೆ.”

“ಅಪ್ಪನ ಎದುರಿಗೆ ಮತ್ತೇನ್ ಹೇಳೀತು ಪಾಪ,” ಎಂದು ಒಬ್ಬ ಹಿರಿಯ ಲೊಚಗುಟ್ಟಿದ. ಉಳಿದವರು ಹೌದು ಹೌದು ಅಂದರು.

ಸಂಗನಬಸವ ಗಂಟಲು ಸರಿಮಾಡಿಕೊಂಡ. “ತಂಗಿ, ಅವತ್ತು ಹೊಡದಾರ ಅಂದಿ, ಇವತ್ತು ಹೊಡದಿಲ್ಲ ಅಂತಿ. ನಾವು ಯಾವದು ಹಿಡೀಬೇಕು? ಹೊಡದಿಲ್ಲಂತ ಕೂಸಿನ ತಲಿ ಮ್ಯಾಲ ಕೈ ಇಟ್ಟು ಹೇಳು. ಐತವಾರ ಹೇಮಂತ ಕರಕೊಂಡು ಹೋಗ್ಲಿ. ಇಲ್ಲಂದ್ರ ಕೂಸು ತಿಕೋಟಾದ ಮಾರಿ ನೋಡೂದು ಬ್ಯಾಡ.”

“ನನ್ನ ತಲಿ ಮ್ಯಾಲ ಹೇಳ್ತೀನಿ,” ವಂದನಾ ತನ್ನ ನೆತ್ತಿ ಮುಟ್ಟಿಕೊಂಡಳು.

“ತನ್ನ ತಲಿ ಎಲ್ಲಾರಿಗೂ ಸೋವಿನ ಇರತೈತಿ ತಂಗಿ. ಅದು ನಡಿಯೂದಿಲ್ಲ.”

“ಹಂಗಾರ ಒಲ್ಲೆ.” ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಈಗ ಹೇಮಂತ ಅವಳ ಮುಂದೆ ಬಂದ. ಮೊದಲಿನ ಸೊಕ್ಕೆಲ್ಲ ಇಳಿದಿತ್ತು. “ಇಡು ವಂದನಾ, ಕೈ ಮುಗೀತೀನಿ. ಖರೇನ ಐತಲ್ಲ, ಇಟ್ರ ಏನಾಗತೈತಿ? ಬಾರವಾ ಮೃಣಾ, ಮಮ್ಮಿ ಮುಂದ ಒಂದ ಸಲ ನಿಂದ್ರು ಬಾ.”

“ಕೂಸಿನ್ನ ಕರೀಬ್ಯಾಡ್ರಿ,” ಎಂದು ವಂದನಾ ಕಿರುಚಿದಳು.

ಅಷ್ಟರಲ್ಲಿ ಮೃಣಾಲ ಎದ್ದಿದ್ದಳು. ದೊಡ್ಡವರು ಮಾತಾಡಿದ್ದನ್ನೆಲ್ಲ ಕೇಳಿದ್ದಳು, ತಲೆಯ ಮೇಲೆ ಕೈ ಬೀಳದಿದ್ದರೆ ಐತವಾರವಿಲ್ಲ ಎಂಬುದು ಅವಳಿಗೆ ಅರ್ಥವಾಗಿತ್ತು. ಮೂಗೊರೆಸಿಕೊಂಡು ನಡೆದು ಬಂದು ತಾಯಿಯ ಮುಂದೆ ನಿಂತಳು. ಕಣ್ಣು ಬಿಗಿಯಾಗಿ ಮುಚ್ಚಿ ತಲೆ ಬಗ್ಗಿಸಿದಳು.

“ಇಡು ಮಮ್ಮಿ,” ಅಂದಳು. ಆಮೇಲೆ ತಾಯಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ಈ ಸಲ ಖರೇ ಐತಲ್ಲ?”

ಬಿದ್ದವಳು ಅವಳು. ಖರೆ ಯಾವುದೆಂದು ಅಲ್ಲಿದ್ದ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವಳು ಅವಳು. ತಾಯಿಯ ಬಾಯಿಂದ ಬಂದರೆ ತನ್ನ ಖರೆಯೂ ಸುಳ್ಳಾದೀತೆಂದು ಅವಳಿಗೆ ಹೆದರಿಕೆ. ವಂದನಾ ಬೆನ್ನ ಹಿಂದಿನ ಕೈ ಬಿಡಿಸಲಿಲ್ಲ. ಹಿರಿಯರ ಕಡೆ ತಿರುಗಿದಳು.

“ನೀವು ನಂಬ್ರಿ, ಬಿಡ್ರಿ ಮಾಮಾ. ಐತವಾರ ಕೂಸಿನ್ನ ನಾನ ತಿಕೋಟಾಕ್ಕ ಬಿಟ್ಟು ಬರ್ತೀನಿ. ಯಾರ ಆಣೀನೂ ಬ್ಯಾಡ.”

ಸಂಗನಬಸವ ಏನೋ ಗೊಣಗಿದ. ಹೇಮಂತ ತಲೆ ತಗ್ಗಿಸಿ ಕೂತ. ಹಿರಿಯರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕತೊಡಗಿದರು. ಮೃಣಾಲ ಮಾತ್ರ ಇನ್ನೂ ಕಣ್ಣು ತೆರೆದಿರಲಿಲ್ಲ. ಕೈ ಬರುತ್ತದೆಂದು ತಲೆ ಬಗ್ಗಿಸಿಕೊಂಡೇ ನಿಂತಿದ್ದಳು.